ಷೇರುಪೇಟೆಯ ಮೊದಲ ಪುಸ್ತಕ: ಕೊಳ್ಳುವ ಮುನ್ನ ಹೀಗೆ ಅಳೆಯಿರಿ

ಆಧಾರ್, ಪ್ಯಾನ್, ಒಂದು ಮೊಬೈಲ್ ಇದ್ದರೆ ಡಿಮ್ಯಾಟ್ ಖಾತೆ ತೆರೆಯುವುದು ಈಗ ಸಲೀಸು. ಖಾತೆಯೊಳಗೆ ಬಂದು ಕೂತ ಷೇರು ಏನೆಂದು ಅರಿಯುವುದು ಅಷ್ಟು ಸಲೀಸಲ್ಲ. ಅದಕ್ಕೆ ಒಂದು ಒಳ್ಳೆಯ ಪುಸ್ತಕವನ್ನಾದರೂ ಕೂತು ಓದಬೇಕು. ಅಂಗಡಿಗಳಲ್ಲಿ ಇಂಥ ಪುಸ್ತಕಗಳಿಗೆ ಬರವಿಲ್ಲ, ಆರಿಸುವುದೇ ಕಷ್ಟ. ನನ್ನ ಅಳತೆಗೋಲು ಒಂದೇ: ಷೇರು ಕೊಳ್ಳುವ ಮುನ್ನ ಯಾವ ಪ್ರಶ್ನೆ ಕೇಳಬೇಕೆಂದು ಆ ಪುಸ್ತಕ ಕಲಿಸುತ್ತದೆಯೇ? ಮುಂದಿನ ಸೂತ್ರಗಳೆಲ್ಲ ಹುಟ್ಟಿದ್ದು ಅದರಿಂದಲೇ.

1. ಬೆನ್ನುಡಿ ಓದಿ, ಆಮೇಲೆ ಪರಿವಿಡಿ. ಇಷ್ಟು ದಿನಗಳಲ್ಲಿ ಇಷ್ಟು ಲಕ್ಷ ಎಂದು ಮಾತು ಕೊಡುವ ಪುಸ್ತಕವನ್ನು ಎತ್ತಿದ ಜಾಗದಲ್ಲೇ ಇಟ್ಟುಬಿಡಿ. ನಷ್ಟದ ಬಗ್ಗೆ ಒಂದು ಅಧ್ಯಾಯವೂ ಇಲ್ಲದ ಪುಸ್ತಕಕ್ಕೂ ಇದೇ ಮರ್ಯಾದೆ ಸಾಕು.

2. ಹೂಡಿಕೆ ಬೇರೆ, ಟ್ರೇಡಿಂಗ್ ಬೇರೆ. ಕ್ಯಾಂಡಲ್ ಚಾರ್ಟ್, ಇಂಟ್ರಾಡೇ, ಆಪ್ಷನ್ ತಂತ್ರಗಳ ಪುಸ್ತಕಗಳು ಹೂಡಿಕೆಯ ಪುಸ್ತಕಗಳ ಪಕ್ಕದಲ್ಲೇ ನಿಂತಿರುತ್ತವೆ. ಹೊಸಬರಿಗೆ ಎರಡೂ ಒಂದೇ ಎನಿಸುತ್ತದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನಪಿಡಿ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಷೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳು) ವಹಿವಾಟು ನಡೆಸಿದ ಬಿಡಿ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಸಂಬಳದಲ್ಲಿ ಉಳಿಸಿದ ದುಡ್ಡು, ಮಗಳ ಓದಿಗೆಂದು ಎತ್ತಿಟ್ಟ ದುಡ್ಡು ಇದರಲ್ಲಿ ಎಷ್ಟು ಸೇರಿತ್ತೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಮೊದಲ ಪುಸ್ತಕ ಆಪ್ಷನ್ಸ್ ಕುರಿತದ್ದು ಆಗಲೇಬಾರದು.

3. ಮುದ್ರಣದ ವರ್ಷ ನೋಡಿ. ಷೇರು ಮಾರಿದ ಎರಡು ದಿನಗಳ ಮೇಲೆ ಲೆಕ್ಕ ಚುಕ್ತಾ ಎಂದು ಹಳೆಯ ಪುಸ್ತಕ ಹೇಳುತ್ತದೆ. 2023ರ ಜನವರಿ ಕೊನೆಯಿಂದ ಅದು ಎಲ್ಲ ಷೇರುಗಳಿಗೂ ಒಂದೇ ದಿನಕ್ಕೆ ಇಳಿದಿದೆ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭದ ಮೇಲಿನ ತೆರಿಗೆ ಶೇ 10ರಿಂದ 12.5ಕ್ಕೆ, ಅಲ್ಪಾವಧಿಯದು ಶೇ 15ರಿಂದ 20ಕ್ಕೆ ಏರಿದೆ. ನಿಯಮ, ತೆರಿಗೆ, ಖಾತೆಯ ವಿವರ ಬೇಕಿದ್ದರೆ ಹೊಸ ಮುದ್ರಣವನ್ನೇ ಕೊಳ್ಳಿ. ಮನುಷ್ಯನ ಆಸೆ, ಭಯಗಳ ಬಗ್ಗೆ ಬರೆದ ಪುಸ್ತಕಕ್ಕೆ ಈ ಷರತ್ತಿಲ್ಲ.

4. ಒಂದು ಪರೀಕ್ಷೆ ಇಟ್ಟುಕೊಳ್ಳಿ. ಹತ್ತು ರೂಪಾಯಿಯ ಷೇರು ಅಗ್ಗ, ಸಾವಿರದ್ದು ದುಬಾರಿ ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದನ್ನು ಕಿತ್ತುಹಾಕಲು ಪುಸ್ತಕ ಎಷ್ಟು ಪುಟ ಕೊಟ್ಟಿದೆ ನೋಡಿ. 2023ರ ಜೂನ್‌ನಲ್ಲಿ ಎಂಆರ್‌ಎಫ್ ಷೇರಿನ ಬೆಲೆ ಒಂದು ಲಕ್ಷ ರೂಪಾಯಿ ದಾಟಿತು. ಆಗ ಇನ್ಫೊಸಿಸ್ ಷೇರು 1,300 ರೂಪಾಯಿ ಆಸುಪಾಸಿನಲ್ಲಿತ್ತು. ಎರಡರಲ್ಲಿ ದೊಡ್ಡ ಕಂಪನಿ ಯಾವುದು? ಎಂಆರ್‌ಎಫ್‌ನ ಒಟ್ಟು ಷೇರುಗಳು ಸುಮಾರು 42 ಲಕ್ಷ. ಬೆಲೆಯಿಂದ ಗುಣಿಸಿದರೆ 42 ಸಾವಿರ ಕೋಟಿ ರೂಪಾಯಿ. ಇನ್ಫೊಸಿಸ್‌ನದು 400 ಕೋಟಿಗೂ ಹೆಚ್ಚು ಷೇರು. ಗುಣಿಸಿದರೆ ಐದು ಲಕ್ಷ ಕೋಟಿ ದಾಟುತ್ತದೆ. ಒಂದು ಷೇರಿನ ಬೆಲೆಯನ್ನಷ್ಟೇ ನೋಡಿದರೆ ಕಂಪನಿಯ ಗಾತ್ರವೂ ತಿಳಿಯದು, ಅದು ಅಗ್ಗವೋ ದುಬಾರಿಯೋ ಎಂಬುದೂ ತಿಳಿಯದು. ಬೆಲೆಯನ್ನು ಕಂಪನಿಯ ಗಳಿಕೆಯ ಪಕ್ಕದಲ್ಲಿಟ್ಟು ನೋಡಬೇಕು. ಹೀಗೆ ಲೆಕ್ಕ ಬಿಡಿಸಿ ತೋರಿಸುವ, ಮುಖಬೆಲೆ, ಲಾಭಾಂಶ, ಬೋನಸ್ ಷೇರು ಎಂದರೇನೆಂದು ಉದಾಹರಣೆ ಕೊಟ್ಟು ಹೇಳುವ ಪುಸ್ತಕ ಸಿಕ್ಕರೆ ಬಿಡಬೇಡಿ.

5. ಶುರು ನಮ್ಮ ದೇಶದ ಪುಸ್ತಕದಿಂದ ಆಗಲಿ. ಮೋನಿಕಾ ಹಾಲನ್ ಅವರ 'ಲೆಟ್ಸ್ ಟಾಕ್ ಮನಿ' 2018ರದು. ಷೇರಿಗೆ ಬರುವ ಮುನ್ನ ತುರ್ತು ನಿಧಿ, ಆರೋಗ್ಯ ವಿಮೆ, ಜೀವ ವಿಮೆ ಸರಿಮಾಡಿಕೊಳ್ಳಿ ಎನ್ನುತ್ತದೆ. ಆ ಕ್ರಮ ನನಗೆ ಬಹಳ ಇಷ್ಟ. ಆಸ್ಪತ್ರೆ ಬಿಲ್ಲಿಗಾಗಿ ಪೇಟೆ ಬಿದ್ದ ದಿನವೇ ಷೇರು ಮಾರಬೇಕಾಗಿ ಬಂದರೆ ಎಂಥ ಜಾಣ ಆಯ್ಕೆಯೂ ಕೈಹಿಡಿಯದು. ಆಮೇಲೆ ಪರಾಗ್ ಪಾರಿಖ್ ಅವರ 'ಸ್ಟಾಕ್ಸ್ ಟು ರಿಚಸ್'. ನಷ್ಟದ ಷೇರನ್ನು ಬಿಡಲಾರದೆ ಅಪ್ಪಿಕೊಳ್ಳುವುದು, ಲಾಭದ್ದನ್ನು ಅವಸರದಲ್ಲಿ ಮಾರಿಬಿಡುವುದು, ಇಂಥ ನಮ್ಮದೇ ಚಾಳಿಗಳನ್ನು ಅದು ಭಾರತದ ಪೇಟೆಯ ಉದಾಹರಣೆಗಳಲ್ಲೇ ತೋರಿಸುತ್ತದೆ.

6. ಗ್ರಹಾಂ ಮೊದಲಿಗೇ ಬೇಡ. ಬೆಂಜಮಿನ್ ಗ್ರಹಾಂ ಅವರ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್' 1949ರಲ್ಲಿ ಬಂದದ್ದು. ಎಲ್ಲರೂ ಹೊಗಳುವ ಪುಸ್ತಕ. ಕೊಂಡವರಲ್ಲಿ ಎಷ್ಟೋ ಮಂದಿ ಬಾಂಡ್‌ಗಳ ಅಧ್ಯಾಯಕ್ಕೆ ಬರುವಷ್ಟರಲ್ಲಿ ಮಡಚಿಡುತ್ತಾರೆ. ಎರಡನೆಯದೋ ಮೂರನೆಯದೋ ಆಗಿ ಓದಿ, ಅದರಲ್ಲೂ 8 ಮತ್ತು 20ನೇ ಅಧ್ಯಾಯಗಳನ್ನು ಮೊದಲು. ಮುನ್ನುಡಿಯಲ್ಲಿ ವಾರೆನ್ ಬಫೆಟ್ ವಿಶೇಷ ಗಮನ ಕೇಳಿರುವುದೂ ಆ ಎರಡಕ್ಕೇ. ಎಂಟನೆಯದರಲ್ಲಿ ಮಾರುಕಟ್ಟೆಯನ್ನು ಒಬ್ಬ ಪಾಲುದಾರನನ್ನಾಗಿ ಕಲ್ಪಿಸಲಾಗಿದೆ: ದಿನವೂ ಬಂದು ಒಂದು ಬೆಲೆ ಕೂಗುತ್ತಾನೆ, ಒಮ್ಮೆ ಹಿಗ್ಗಿನಲ್ಲಿ, ಒಮ್ಮೆ ಹೆದರಿಕೆಯಲ್ಲಿ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಇಪ್ಪತ್ತನೆಯದು ಕಂಪನಿಯ ನಿಜವಾದ ಮೌಲ್ಯಕ್ಕೂ ನೀವು ಕೊಡುವ ಬೆಲೆಗೂ ನಡುವೆ ಸಾಕಷ್ಟು ಅಂತರ ಇರಬೇಕೆನ್ನುತ್ತದೆ. ಲೆಕ್ಕ ತಪ್ಪಿದರೂ ಅಸಲು ಉಳಿಯುವುದು ಆ ಅಂತರದಿಂದ.

7. ಅಮೆರಿಕದ ಪುಸ್ತಕಗಳಲ್ಲಿ ತತ್ವ ತೆಗೆದುಕೊಳ್ಳಿ, ವಿವರ ಬಿಡಿ. ಅಲ್ಲಿನ ನಿವೃತ್ತಿ ಖಾತೆ, ತೆರಿಗೆ ಯಾವುದೂ ನಮಗೆ ಹೊಂದದು. ಪೀಟರ್ ಲಿಂಚ್ ಅವರ 'ಒನ್ ಅಪ್ ಆನ್ ವಾಲ್ ಸ್ಟ್ರೀಟ್' (1989) ಓದಿ ಅನೇಕರು ತಪ್ಪು ತಿಳಿಯುವುದುಂಟು. ಗೊತ್ತಿರುವ ಕಂಪನಿಯಿಂದ ಹುಡುಕಾಟ ಶುರುಮಾಡಿ ಎನ್ನುವ ಲಿಂಚ್, ಆಮೇಲೆ ಅದರ ಲೆಕ್ಕಪತ್ರ ಓದಿ ಎಂದೂ ಹೇಳುತ್ತಾರೆ. ಆ ಎರಡನೇ ಮಾತನ್ನು ಜನ ಮರೆಯುತ್ತಾರೆ. ಕಂಪನಿಗಳನ್ನು ಅಳೆಯಲು ವೇಳೆಯೇ ಇಲ್ಲದವರು ಜಾನ್ ಬೋಗಲ್ ಅವರ ಇಂಡೆಕ್ಸ್ ಫಂಡ್ (ಸೂಚ್ಯಂಕದಲ್ಲಿರುವ ಷೇರುಗಳನ್ನೆಲ್ಲ ಕೊಳ್ಳುವ ನಿಧಿ) ಕುರಿತ ಪುಟ್ಟ ಪುಸ್ತಕ ಓದಲಿ. ಅವರಿಗೆ ಅದೊಂದೇ ಸಾಕು.

8. ಒಂದು ಮೋಸದ ಕಥೆ ಇರಲಿ. 1992ರ ಹರ್ಷದ್ ಮೆಹ್ತಾ ಹಗರಣ ಕುರಿತು ದೇಬಾಶಿಸ್ ಬಸು, ಸುಚೇತಾ ದಲಾಲ್ ಬರೆದ 'ದಿ ಸ್ಕ್ಯಾಮ್' ಒಳ್ಳೆಯ ಆಯ್ಕೆ. ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಪ್ರಕರಣವನ್ನೂ ಓದಿ. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಒಪ್ಪಿಕೊಂಡ ಪ್ರಕಾರ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಎಲ್ಲ ಹಣವನ್ನೂ ಒಂದೇ ಕಂಪನಿಯಲ್ಲಿ ಇಡಬಾರದೇಕೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

9. ಇಂಗ್ಲಿಷ್ ತೊಡಕಾದರೆ ಕನ್ನಡದಲ್ಲೇ ಓದಿ. ಅರ್ಧ ಅರ್ಥವಾದ ಇಂಗ್ಲಿಷ್ ಪುಸ್ತಕಕ್ಕಿಂತ ಪೂರ್ತಿ ಅರ್ಥವಾದ ಕನ್ನಡ ಪುಸ್ತಕ ಮೇಲು. ಸೆಬಿಯ ಹಣಕಾಸು ಶಿಕ್ಷಣ ಕಿರುಪುಸ್ತಕ ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ, ಮೊದಲು ಅದನ್ನು ಮುಗಿಸಿ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ನಿಂತು ಹತ್ತು ಪುಟ ಓದಿ ನೋಡಿ. ಉಳಿದೆಡೆ ಜಿಲ್ಲಾ ಗ್ರಂಥಾಲಯ ಇದ್ದೇ ಇದೆ.

10. ಕೊನೆಯ ಪುಟದ ಕ್ಯೂಆರ್ ಕೋಡ್ ಯಾವುದಾದರೂ ಟಿಪ್ಸ್ ಗುಂಪಿಗೆ ಕರೆಯುತ್ತಿದ್ದರೆ ಅದು ಪುಸ್ತಕವಲ್ಲ, ಜಾಹೀರಾತು. ದುಡ್ಡು ಪಡೆದು ಷೇರು ಸಲಹೆ ಕೊಡುವವರಿಗೆ ಸೆಬಿ ನೋಂದಣಿ ಇರಲೇಬೇಕು. ನೋಂದಣಿ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲಿ ತಾಳೆ ನೋಡಿ.

11. ಪುಸ್ತಕದ ಪಕ್ಕದಲ್ಲಿ ಒಂದು ವಾರ್ಷಿಕ ವರದಿ ಇಟ್ಟುಕೊಳ್ಳಿ. ಟೈಟಾನ್ ಇರಬಹುದು, ಕರ್ಣಾಟಕ ಬ್ಯಾಂಕ್ ಇರಬಹುದು, ನಿಮಗೆ ಪರಿಚಯದ ಯಾವುದಾದರೂ ಕಂಪನಿ. ವರದಿ ಅವರ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ. ಲಾಭ, ನಗದು ಹರಿವು, ಹೀಗೆ ಪುಸ್ತಕದಲ್ಲಿ ಬಂದ ಪ್ರತಿ ಪದವನ್ನೂ ವರದಿಯಲ್ಲಿ ಹುಡುಕಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಐದು ವರ್ಷಗಳಲ್ಲಿ ಆ ಕಂಪನಿಯ ಲಾಭ ಎಷ್ಟು ಬೆಳೆಯಿತು, ಕೈಗೆ ನಗದು ಎಷ್ಟು ಬಂತು ಎಂದು ಯಾರ ನೆರವೂ ಇಲ್ಲದೆ ಹೇಳಲು ಬಂದರೆ ಎರಡನೇ ಪುಸ್ತಕ ಕೊಳ್ಳಿ. ಬಾರದಿದ್ದರೆ ಮೊದಲನೆಯದನ್ನೇ ಮತ್ತೊಮ್ಮೆ ಓದಿ.