ಹಬ್ಬಕ್ಕೆ ನಾಯಿಮರಿ: ಮೊದಲು ಅಪ್ಪಯ್ಯನನ್ನು ಕೇಳಿ

ಬೈಂದೂರಿನಲ್ಲಿ ಇಬ್ಬರೇ ಇರುವ ಅಪ್ಪಯ್ಯ, ಅಮ್ಮನಿಗೆ ದೀಪಾವಳಿಗೆ ಹೇಳದೆ ಹಸ್ಕಿ ಮರಿ ತಂದುಕೊಡುವ ಆಸೆ ನಿಮ್ಮದು. ಪ್ರೀತಿ ಅರ್ಥವಾಗುತ್ತದೆ, ಆದರೆ ದಯವಿಟ್ಟು ಬೇಡ. ಹಸ್ಕಿ ಸೈಬೀರಿಯದ ಚಳಿಯ ತಳಿ. ನಮ್ಮ ಕರಾವಳಿಯ ಸೆಕೆಗೆ ಅದು ಬಳಲುತ್ತದೆ; ಮಳೆಗಾಲದ ತೇವಕ್ಕೆ ಆ ದಟ್ಟ ಕೂದಲಿನಡಿ ಚರ್ಮರೋಗ ಸುಲಭವಾಗಿ ಹತ್ತುತ್ತದೆ. ನಾಯಿ 10–12 ವರ್ಷ ಬದುಕುವ ಜೀವ. ಅಷ್ಟು ಕಾಲ ಅದನ್ನು ತಿರುಗಾಡಿಸುವವರು, ಹುಷಾರಿಲ್ಲದಾಗ ಕುಂದಾಪುರಕ್ಕೋ ಬ್ರಹ್ಮಾವರಕ್ಕೋ ವೈದ್ಯರ ಹತ್ತಿರ ಒಯ್ಯುವವರು ಯಾರು? ಅಪ್ಪಯ್ಯ, ಅಮ್ಮನನ್ನೇ ಕೇಳಿ.

ಒಪ್ಪಿದರೆ ಊರ ನಾಯಿಮರಿಯೇ ಚೆನ್ನ. 8 ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ. ಪಾರ್ವೊ ರೋಗದ ಲಸಿಕೆ ತಪ್ಪಿಸಬೇಡಿ. 3 ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಿ. ಪಟಾಕಿ ಸದ್ದಿನ ನಡುವೆ ಮಾತ್ರ ಮರಿಯನ್ನು ಹೊಸ ಮನೆಗೆ ತರಬೇಡಿ. ಹಬ್ಬ ಮುಗಿದ ಮೇಲೆ ತನ್ನಿ, ಮೊದಲ ವಾರ ರಜೆ ಹಾಕಿ ನೀವೂ ಜೊತೆಗಿರಿ.