ಕೈ ತೊಳೆದಾಯಿತು, ಫೋನು?

ಸಂಜೆ ಏಳು ಗಂಟೆ. ಸಮುದಾಯ ಭವನದಲ್ಲಿ ನಮ್ಮ ತರಗತಿ. 11 ಜನ ಅಕ್ಕಂದಿರು ಬಂದಿದ್ದರು. ಮೂಲೆಮನೆ ಅಕ್ಕ ಮಾತ್ರ ಬಂದಿರಲಿಲ್ಲ. ತರಗತಿ ತಪ್ಪಿಸುವವರೇ ಅಲ್ಲ ಅವರು.

“ಮಗೀಗೆ ಭೇದಿ ಟೀಚರಮ್ಮ. ನೆನ್ನೆಯಿಂದ ಒಂದೇ ಸಮ. ಆಸ್ಪತ್ರೆಗೆ ಹೋಗವ್ರೆ” ಎಂದರು ಅವರ ಪಕ್ಕದ ಮನೆಯ ಅಜ್ಜಿ.

ನಾಲ್ಕು ದಿನ ಕಳೆದು ಅಕ್ಕ ಬಂದರು. ಸೊಂಟದ ಮೇಲೆ ಮಗು. ವರ್ಷ ತುಂಬಿದ ಗಂಡುಮಗು. ಮುಖ ಬಾಡಿತ್ತು. ಉಡಿದಾರ ಸಡಿಲವಾಗಿತ್ತು. ಭೇದಿ ನಿಂತಿತ್ತು. ಆಸ್ಪತ್ರೆಯಲ್ಲಿ ಓಆರ್‌ಎಸ್ ಪೊಟ್ಟಣ ಕೊಟ್ಟಿದ್ದರು. ಜಿಂಕ್ ಮಾತ್ರೆ 14 ದಿನ ತಪ್ಪದೆ ಕೊಡಿ ಎಂದು ಹೇಳಿ ಕಳಿಸಿದ್ದರು.

“ನಾನು ನೀರು ಕುದಿಸಿ ಆರಿಸಿ ಕೊಡ್ತೀನಿ. ಸೋಪು ಹಾಕಿ ಕೈ ತೊಳ್ದೇ ಉಣ್ಣಿಸ್ತೀನಿ. ಆದ್ರೂ ನನ್ನ ಮಗೀಗೇ ಯಾಕೆ ಬಂತು ಟೀಚರ್?” ಎಂದು ಕೇಳಿದರು. ಕೇಳುವಾಗ ಅಳುವೇ ಬಂದಿತ್ತು.

ಹೀಗೆ ಹೇಳುತ್ತಿದ್ದಂತೆ ಮಗು ಅವರ ಮಡಿಲಿನಿಂದ ಫೋನು ಎಳೆದುಕೊಂಡಿತು. ಅದಕ್ಕೆ ಹಲ್ಲು ಬರುವ ಕಾಲ. ಫೋನಿನ ಮೂಲೆಯನ್ನು ಬಾಯಿಗೆ ಇಟ್ಟು ಚೀಪತೊಡಗಿತು. ನಾವೆಲ್ಲ ನೋಡಿದೆವು. ಅಕ್ಕನೂ ನೋಡಿದರು. ಅವರ ಮಾತು ಅಲ್ಲೇ ನಿಂತಿತು.

ಭೇದಿ ಫೋನಿನಿಂದಲೇ ಬಂತು ಎಂದು ನಾನು ಹೇಳಲಿಲ್ಲ. ಹಾಗೆ ಹೇಳಲು ಆಗುವುದಿಲ್ಲ. ನೀರಿನಿಂದ ಬಂದಿರಬಹುದು. ನೊಣ ಕೂತ ತಿಂಡಿಯಿಂದ ಬಂದಿರಬಹುದು. ಆದರೆ ಅವತ್ತು ಪುಸ್ತಕ ಮುಚ್ಚಿ ಇಟ್ಟೆ. ಫೋನಿನ ಪಾಠ ಮಾಡಿದೆ. ಆ ಪಾಠವನ್ನೇ ಇಲ್ಲಿ ಬರೆದಿದ್ದೇನೆ.

“ಅಕ್ಕಾ, ಬೆಳಗ್ಗೆಯಿಂದ ಈ ಫೋನು ಎಲ್ಲೆಲ್ಲಿಗೆ ಹೋಗಿ ಬಂತು? ನೆನಪು ಮಾಡ್ಕೊಂಡು ಹೇಳಿ” ಎಂದೆ. ಅವರು ಹೇಳುತ್ತಾ ಹೋದರು. ನಾನು ಬೋರ್ಡಿನ ಮೇಲೆ ಬರೆಯುತ್ತಾ ಹೋದೆ.

ಐದು ಗಂಟೆಗೆ ಅಲಾರಂ ಹೊಡೆಯಿತು. ದಿಂಬಿನ ಕೆಳಗಿಂದ ತೆಗೆದರು. ಕೊಟ್ಟಿಗೆಗೆ ಹೋದರು. ಸಗಣಿ ಬಾಚುವಾಗ ತಂಗಿಯ ಫೋನು ಬಂತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಮಾತಾಡಿದರು. ಹಾಲು ಕರೆದು ಡೈರಿಗೆ ಹಾಕಿದರು. ಆಮೇಲೆ ಬಸ್ಸು ಹತ್ತಿದರು. ಕಂಬಿ ಹಿಡಿದರು. ಸಂತೆಯಲ್ಲಿ ಸೊಪ್ಪು ಮಾರಿದರು, ನೋಟು ಎಣಿಸಿದರು. ನಡುನಡುವೆ ಹತ್ತು ಸಲ ಫೋನು ಮುಟ್ಟಿದರು. ಮನೆಗೆ ಬಂದು ಅದನ್ನು ಒಲೆ ಪಕ್ಕದ ಗೂಡಿನಲ್ಲಿ ಇಟ್ಟರು.

“ಇನ್ನೊಂದು ಜಾಗ ಬಿಟ್ರಲ್ಲಕ್ಕಾ” ಎಂದು ಹಿಂದಿನಿಂದ ಒಬ್ಬರು ಕಿಸಕ್ಕನೆ ನಕ್ಕರು. ಎಲ್ಲರಿಗೂ ತಿಳಿಯಿತು. ಸಂಡಾಸಿಗೂ ಫೋನು ಹೋಗುತ್ತದೆ. ನಗಬೇಡಿ, ನನ್ನದೂ ಹೋಗುತ್ತಿತ್ತು.

ಈಗ ಲೆಕ್ಕ ನೋಡಿ. ಅಕ್ಕ ಸಂಡಾಸಿನಿಂದ ಬಂದು ಸೋಪು ಹಾಕಿ ಕೈ ತೊಳೆದರು. ಒಳ್ಳೆಯದು. ಆದರೆ ಫೋನನ್ನು ತೊಳೆಯಲಿಲ್ಲ. ತೊಳೆದ ಕೈಯಲ್ಲೇ ಅದೇ ಫೋನು ತೆಗೆದುಕೊಂಡರು. ಆಮೇಲೆ ಅದೇ ಕೈಯಲ್ಲಿ ಅನ್ನ ಮಿದ್ದು ಮಗುವಿಗೆ ತುತ್ತು ಇಟ್ಟರು. ಕೈ ತೊಳೆದ ಕೆಲಸ ಎಲ್ಲಿ ಉಳಿಯಿತು?

“ಏನೂ ಕಾಣಾಕಿಲ್ವಲ್ಲ ಟೀಚರಮ್ಮ, ಕನ್ನಡಿ ಹಂಗೆ ಹೊಳೀತೈತೆ” ಎಂದರು ಅಜ್ಜಿ.

ಕಾಣುವುದಿಲ್ಲ ನಿಜ. ರೋಗದ ಕ್ರಿಮಿ ಅಷ್ಟು ಸಣ್ಣದು. ಒಂದು ರಾಗಿ ಕಾಳಿನ ಅಗಲಕ್ಕೆ ಸಾಲಾಗಿ ನಿಲ್ಲಿಸಿದರೆ ಸುಮಾರು ಒಂದು ಸಾವಿರ ಬ್ಯಾಕ್ಟೀರಿಯಾ ಹಿಡಿಯುತ್ತವೆ. ಹಾಲೆಂಡ್ ದೇಶದಲ್ಲಿ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದ. ಅವನು ತಾನೇ ಗಾಜು ಉಜ್ಜಿ ಮಸೂರ ಮಾಡಿಕೊಂಡ. ಸುಮಾರು 350 ವರ್ಷದ ಹಿಂದೆ ಅದರಲ್ಲಿ ನೀರಿನ ಹನಿಯನ್ನು ನೋಡಿದ. ಒಳಗೆ ಸಣ್ಣ ಸಣ್ಣ ಜೀವಿಗಳು ಓಡಾಡುತ್ತಿದ್ದವು. ದೊಡ್ಡ ಓದು ಓದಿದವನಲ್ಲ ಅವನು. ಬ್ಯಾಕ್ಟೀರಿಯಾವನ್ನು ಮೊದಲು ನೋಡಿ ಬರೆದಿಟ್ಟವನು ಅವನೇ.

ಫೋನಿನ ಮೇಲೆ ಇಂಥವು ಇವೆಯೇ ಎಂದು ಹುಡುಕಿದವರೂ ಇದ್ದಾರೆ. 2011ರಲ್ಲಿ ಇಂಗ್ಲೆಂಡ್ ಕಡೆಯ ವಿಜ್ಞಾನಿಗಳು 12 ಊರುಗಳಲ್ಲಿ ಜನರ ಫೋನುಗಳನ್ನೂ ಕೈಗಳನ್ನೂ ಪರೀಕ್ಷೆ ಮಾಡಿದರು. ಆರು ಫೋನಿಗೆ ಒಂದರಂತೆ ಇ-ಕೊಲೈ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಇದು ಮನುಷ್ಯರ, ಪ್ರಾಣಿಗಳ ಕರುಳಿನಲ್ಲಿ ಇರುವಂಥದು. ಅಂದರೆ ಮಲದಿಂದ ಕೈಗೆ, ಕೈಯಿಂದ ಫೋನಿಗೆ ಬಂದಿದೆ. ನೀವು ಕೈ ತೊಳೆಯುತ್ತೀರಾ ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಹೌದು ಎಂದೇ ಹೇಳಿದ್ದರು! ನಲ್ಲಿ ತಿರುಗಿಸಿದರೆ ನೀರು ಬರುವ ದೇಶದ ಕಥೆ ಇದು.

ಎಲ್ಲಾ ಕ್ರಿಮಿಗಳೂ ಕೆಟ್ಟವಲ್ಲ. ಮೊಸರು ಆಗುವುದೂ ಬ್ಯಾಕ್ಟೀರಿಯಾದಿಂದಲೇ. ಗಟ್ಟಿಮುಟ್ಟಾದ ದೊಡ್ಡವರಿಗೆ ಫೋನಿನ ಕೊಳೆ ಹೆಚ್ಚು ತೊಂದರೆ ಕೊಡದೆ ಇರಬಹುದು. ನಾವು ಯೋಚಿಸಬೇಕಾದ್ದು ಹಸುಗೂಸು, ಬಾಣಂತಿ, ವಯಸ್ಸಾದವರು, ಕಾಯಿಲೆಯಿಂದ ಎದ್ದವರ ಬಗ್ಗೆ.

“ಹಂಗಾದ್ರೆ ನಲ್ಲೀಲಿ ಹಿಡಿದು ತೊಳೆದ್ಬಿಡಾಣ” ಎಂದರು ಒಬ್ಬರು.

ಬೇಡಿ, ಬೇಡಿ! ಫೋನಿಗೂ ನೀರಿಗೂ ಆಗಿಬರುವುದಿಲ್ಲ. ಒಳಗೆ ನೀರು ಹೋದರೆ ಕೆಟ್ಟುಹೋಗುತ್ತದೆ. ಸಂಘದ ಕಂತಿನ ಲೆಕ್ಕ, ಬ್ಯಾಂಕಿನ ಮೆಸೇಜು, ಊರಾಚೆ ಇರುವ ಮಕ್ಕಳ ನಂಬರು, ಎಲ್ಲಾ ಅದರಲ್ಲೇ ಇದೆ. 2020ರಲ್ಲಿ ಕೊರೊನಾ ಬಂದಾಗ ನಾನೂ ಹೆದರಿ ದಡ್ಡತನ ಮಾಡಿದೆ. ಹೂವಿಗೆ ನೀರು ಚಿಮುಕಿಸಿದ ಹಾಗೆ ಫೋನಿನ ಮೇಲೆ ಸ್ಯಾನಿಟೈಸರ್ ಚಿಮುಕಿಸಿದೆ. ಅದು ಸ್ಪೀಕರ್ ತೂತಿನೊಳಗೆ ಇಳಿಯಿತು. ನಾನು ಹಲೋ ಹಲೋ ಅಂತ ಕೂಗಿದ್ದೇ ಬಂತು, ಆ ಕಡೆಯವರ ಮಾತು ಕೇಳಲಿಲ್ಲ. ರಿಪೇರಿಗೆ 900 ರೂಪಾಯಿ ಹೋಯಿತು. ಮನೆಯಲ್ಲಿ ಅನ್ನಿಸಿಕೊಂಡದ್ದು ಬೇರೆ. (ಕೊರೊನಾ ಹೆಚ್ಚಾಗಿ ಹರಡುವುದು ಉಸಿರಿನಿಂದ, ಗಾಳಿಯಿಂದ ಎಂದು ಆಮೇಲೆ ಗೊತ್ತಾಯಿತು.)

ಸರಿಯಾದ ರೀತಿ ಹೀಗೆ. ಮೊದಲು ಚಾರ್ಜರ್‌ನಿಂದ ತೆಗೆಯಿರಿ. ಫೋನನ್ನು ಸ್ವಿಚ್ ಆಫ್ ಮಾಡಿ. ಮೇಲಿನ ಕವರು ಬಿಚ್ಚಿ. ರಬ್ಬರು, ಪ್ಲಾಸ್ಟಿಕ್ ಕವರನ್ನು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆಯಬಹುದು. ನಿಜ ಹೇಳಬೇಕೆಂದರೆ ಹೆಚ್ಚು ಕೊಳೆ ಇರುವುದು ಅದರ ಸಂದಿಯಲ್ಲೇ. ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ಹಸಿ ಕವರು ಹಾಕಬೇಡಿ.

ಇನ್ನು ಫೋನು. ಒಂದು ಮೆತ್ತನೆಯ ಬಟ್ಟೆ ಬೇಕು. ಕನ್ನಡಕ ಒರೆಸುವ ಬಟ್ಟೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಳೇ ಪಂಚೆಯ ತುಂಡು ಆದೀತು, ಒಗೆದದ್ದಾಗಿರಲಿ. ಅದರ ತುದಿಯನ್ನು ಸೋಪಿನ ನೀರಿನಲ್ಲಿ ಅದ್ದಿ. ಚೆನ್ನಾಗಿ ಹಿಂಡಿ. ಒಂದು ಹನಿಯೂ ತೊಟ್ಟಿಕ್ಕಬಾರದು. ಆ ಬಟ್ಟೆಯಿಂದ ಗಾಜು, ಬೆನ್ನು, ನಾಲ್ಕೂ ಅಂಚು ಒರೆಸಿ. ಚಾರ್ಜರ್ ಸಿಕ್ಕಿಸುವ ತೂತಿನ ಹತ್ತಿರ ಬಟ್ಟೆ ಸುಳಿಯದಿರಲಿ. ಸೋಪು ಜಿಡ್ಡನ್ನೂ ಬಿಡಿಸುತ್ತದೆ, ಜಿಡ್ಡಿಗೆ ಅಂಟಿದ ಕ್ರಿಮಿಗಳನ್ನೂ ಬಿಡಿಸುತ್ತದೆ. ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಕೊನೆಗೆ ಒಣ ಬಟ್ಟೆ. ಎರಡು ನಿಮಿಷದ ಕೆಲಸ.

ಮನೆಯಲ್ಲಿ ಯಾರಿಗಾದರೂ ಭೇದಿ, ಜ್ವರ, ನೆಗಡಿ ಇದೆಯೇ? ಆಗ ಸ್ಪಿರಿಟ್ಟಿನಲ್ಲಿ ಒರೆಸುವುದು ಮೇಲು. ಮೆಡಿಕಲ್ ಶಾಪಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಎಂದು ಕೇಳಿ. ಬಾಟಲಿ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಹೆದರಬೇಡಿ, ಅಂಕಿ ನಿಮಗೆ ಓದಲು ಬರುತ್ತದೆ. 70 ಎಂದು ಇದೆಯೇ ನೋಡಿ.

“ನೂರು ಇದ್ರೆ ಇನ್ನೂ ಒಳ್ಳೇದಲ್ವಾ?” ಎಂದು ಮೂಲೆಮನೆ ಅಕ್ಕ ಕೇಳಿದರು. ಜಾಣ ಪ್ರಶ್ನೆ. ಅಲ್ಲ. ಬರೀ ಸ್ಪಿರಿಟ್ಟು ಕ್ಷಣದಲ್ಲಿ ಆರಿಹೋಗುತ್ತದೆ. ಕ್ರಿಮಿ ಸಾಯಲು ಸ್ವಲ್ಪ ಹೊತ್ತು ಹಸಿ ಇರಬೇಕು. ನೀರು ಬೆರೆತ 70 ಆ ಕೆಲಸ ಚೆನ್ನಾಗಿ ಮಾಡುತ್ತದೆ. ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಿ, ತಾನಾಗಿ ಆರಲು ಬಿಡಿ. ಫೋನಿನ ಮೇಲೆ ಸುರಿಯಬೇಡಿ. ಸ್ಪಿರಿಟ್ಟಿಗೆ ಬೇಗ ಬೆಂಕಿ ಹತ್ತುತ್ತದೆ. ಒಲೆ, ದೀಪ, ಬೀಡಿ ಹತ್ತಿರ ತೆಗೆಯಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ.

ಫಿನಾಯಿಲು, ಬ್ಲೀಚಿಂಗ್ ಪುಡಿ, ಸೀಮೆಎಣ್ಣೆ, ಪಾತ್ರೆ ತಿಕ್ಕುವ ಪುಡಿ, ಬೂದಿ ಯಾವುದೂ ಬೇಡ. ಗಾಜಿನ ಮೇಲೆ ತೆಳ್ಳಗೆ ಒಂದು ಲೇಪ ಇರುತ್ತದೆ. ಅದು ಸವೆದುಹೋಗುತ್ತದೆ. ಹಪ್ಪಳ ಒಣಗಿಸಿದ ಹಾಗೆ ಬಿಸಿಲಿಗೆ ಇಟ್ಟರೆ ಕ್ರಿಮಿ ಸಾಯುತ್ತವೆ ಎಂದು ಅಜ್ಜಿ ಹೇಳಿದರು. ಬಟ್ಟೆಗೆ, ಹಾಸಿಗೆಗೆ ಬಿಸಿಲು ಒಳ್ಳೆಯದು. ಫೋನಿಗೆ ಅಲ್ಲ. ಬಿಸಿಲಿಗೆ ಕಾದರೆ ಬ್ಯಾಟರಿ ಹಾಳಾಗುತ್ತದೆ.

ಅಜ್ಜಿಯ ಫೋನು ಗುಂಡಿ ಒತ್ತುವ ಫೋನು. ಇರುವುದು ಎಲೆಅಡಿಕೆ ಚೀಲದಲ್ಲಿ! ಗುಂಡಿಗಳ ಸಂದಿಯಲ್ಲಿ ಅಡಿಕೆ ಪುಡಿ, ಚಾರ್ಜರ್ ತೂತಿನ ಬಾಯಲ್ಲಿ ಸುಣ್ಣ. “ಚಾರ್ಜು ನಿಲ್ಲಾಕಿಲ್ಲ ಕಣವ್ವ” ಎಂದು ತಿಂಗಳಿಂದ ಹೇಳುತ್ತಿದ್ದರು. ಪಿನ್ನು ಹಾಕಿ ಕೆರೆಯಲು ಹೋದರು, ನಾನು ತಡೆದೆ. ಒಳಗೆ ಸಣ್ಣ ತಗಡುಗಳಿರುತ್ತವೆ, ಅವು ಮುರಿಯುತ್ತವೆ. ಒಣಗಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಆಡಿಸಿದೆವು. ಪುಡಿ ಉದುರಿತು. ಒಳಗೆ ಗಟ್ಟಿಯಾಗಿ ಕೂತ ಸುಣ್ಣವನ್ನು ರಿಪೇರಿಯವರೇ ತೆಗೆಯಬೇಕು. ಅಜ್ಜಿಗೆ ಒಂದು ಬೇರೆ ಚೀಲ ಹೊಲಿದುಕೊಡುತ್ತೇನೆ ಎಂದು ಮೂಲೆಮನೆ ಅಕ್ಕ ಒಪ್ಪಿಕೊಂಡರು.

ಆಮೇಲೆ ಎಲ್ಲರೂ ಅವರವರ ಫೋನು ಒರೆಸಿದರು. ಬಿಳೀ ಪಂಚೆ ತುಂಡು ಕರ್ರಗಾಯಿತು. ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಯಾರೂ ನಗಲಿಲ್ಲ.

ದಿನಕ್ಕೆ ಎಷ್ಟು ಸಲ ಒರೆಸಬೇಕು? ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಸಾಕು. ಸಂತೆ, ಆಸ್ಪತ್ರೆ, ಬಸ್ಸಿನಿಂದ ಬಂದಾಗ ಇನ್ನೊಮ್ಮೆ. ಅದಕ್ಕಿಂತ ಮುಖ್ಯವಾದವು ಬೇರೆ ಇವೆ. ಸಂಡಾಸಿಗೆ ಫೋನು ಒಯ್ಯಬೇಡಿ. ಅಡುಗೆ ಮಾಡುವಾಗ, ಉಣ್ಣುವಾಗ, ಉಣಿಸುವಾಗ ಅದು ದೂರ ಇರಲಿ. ಸಗಣಿ ಕೈಯಲ್ಲಿ, ಹಸೀ ಕೋಳಿ ತೊಳೆಯುವ ಕೈಯಲ್ಲಿ ಇದ್ದಾಗ ಹೊಡೆದುಕೊಂಡರೆ ಹೊಡೆದುಕೊಳ್ಳಲಿ. ಬೇಕಾದವರು ಮತ್ತೆ ಮಾಡುತ್ತಾರೆ. ಒರೆಸಿದ ಫೋನು ಹಿಡಿದ ಮೇಲೂ ತುತ್ತು ಕಲಸುವ ಮೊದಲು ಸೋಪಿನಿಂದ ಕೈ ತೊಳೆಯಲೇಬೇಕು. ಅದಕ್ಕೆ ಬದಲಿ ಇಲ್ಲ.

ಮಗು ಫೋನಿಗೆ ಕೈ ಚಾಚಿ ಅಳುತ್ತಿತ್ತು. ಅಕ್ಕ ಫೋನನ್ನು ಕಿಟಕಿ ಮೇಲಿಟ್ಟರು. ಸೆರಗಿನ ಗಂಟು ಬಿಚ್ಚಿ ಒಂದು ಮರದ ಗಿಲಕಿ ತೆಗೆದರು. “ಇದನ್ನೂ ತೊಳೀಬೇಕಲ್ವಾ ಟೀಚರ್?” ಎಂದು ಕೇಳಿ, ಎದ್ದು ನಲ್ಲಿಯ ಕಡೆ ಹೋದರು.

ಓದಿ, ನೋಡಿ ಬರೆಯಿರಿ: ಫೋನು, ಸೋಪು, ಕ್ರಿಮಿ, ಸ್ಪಿರಿಟ್ಟು, ಬ್ಯಾಟರಿ, ಕೊಟ್ಟಿಗೆ.

ಉತ್ತರ ಹೇಳಿ: ಅಕ್ಕ ಕೈ ತೊಳೆದರೂ ಕೊಳೆ ಕೈಗೆ ಮತ್ತೆ ಹೇಗೆ ಬಂತು? 100ಕ್ಕಿಂತ 70 ಯಾಕೆ ಒಳ್ಳೆಯದು? ಫೋನನ್ನು ಬಿಸಿಲಿಗೆ ಯಾಕೆ ಇಡಬಾರದು?

ಮಾಡಿ ನೋಡಿ: ಇವತ್ತು ನಿಮ್ಮ ಫೋನು ಹೋಗಿ ಬಂದ ಜಾಗಗಳನ್ನು ಒಂದರ ಕೆಳಗೆ ಒಂದು ಬರೆಯಿರಿ. ಅದರಲ್ಲಿ ಫೋನು ಹೋಗಬಾರದಿದ್ದ ಜಾಗದ ಮುಂದೆ ಗೆರೆ ಎಳೆಯಿರಿ. ಹಾಳೆಯನ್ನು ಮುಂದಿನ ತರಗತಿಗೆ ತನ್ನಿ.