ಹಡಗಿನಲ್ಲಿ ರಾತ್ರಿಯೂಟ: ಮೊದಲ ಪಂಕ್ತಿಯೋ, ಎರಡನೆಯದೋ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ನಮಗೆಲ್ಲ ಗೊತ್ತು. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ತಿಳಿದಿದ್ದರೆ ಸಾಲದು. ಯಾವಾಗ ತಿನ್ನಬೇಕು ಎಂಬುದೂ ಊಟ ಬಲ್ಲವರಿಗೆ ಗೊತ್ತಿರಬೇಕು. ಮನೆಯಲ್ಲಿದ್ದಾಗ ಈ ‘ಯಾವಾಗ’ ತಾನಾಗಿಯೇ ನಡೆದುಕೊಂಡು ಹೋಗುತ್ತದೆ. ಪ್ರವಾಸ ಹೊರಟಾಗ ಎಲ್ಲಕ್ಕಿಂತ ಮೊದಲು ತಪ್ಪುವುದೂ ಅದೇ.

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು ಊರಿನಿಂದ ತಂದೆ ತಾಯಿಯರನ್ನು ಕರೆಸಿಕೊಂಡು, ಮೊಮ್ಮಕ್ಕಳ ಸಮೇತ ಒಂದು ವಾರದ ಹಡಗಿನ ಪ್ರವಾಸ ಮಾಡಿಸುವುದು ನಮ್ಮ ಅನೇಕ ಕುಟುಂಬಗಳಲ್ಲಿ ಕಾಣುವ ಸಂಗತಿ. ಫ್ಲಾರಿಡಾ ರಾಜ್ಯದ ಮಯಾಮಿ, ಫೋರ್ಟ್ ಲಾಡರ್‌ಡೇಲ್ ಮುಂತಾದ ಬಂದರುಗಳಿಂದ ಹೊರಟು ಕೆರಿಬಿಯನ್ ದ್ವೀಪಗಳನ್ನು ಸುತ್ತಿ ಬರುವ ಪ್ರವಾಸ ಬಹಳ ಜನಪ್ರಿಯ. ಟಿಕೆಟ್ ಕಾದಿರಿಸುವಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ: ರಾತ್ರಿಯ ಊಟಕ್ಕೆ ಮೊದಲ ಪಂಕ್ತಿಯೋ, ಎರಡನೆಯ ಪಂಕ್ತಿಯೋ? ಹೆಚ್ಚಿನವರು ‘ಯಾವುದಾದರೇನು’ ಎಂದು ಒಂದಕ್ಕೆ ಗುರುತು ಹಾಕಿಬಿಡುತ್ತಾರೆ. ಆದರೆ ವಯಸ್ಸಾದವರೂ ಚಿಕ್ಕ ಮಕ್ಕಳೂ ಇರುವ ಕುಟುಂಬಕ್ಕೆ ಇದು ಆರೋಗ್ಯದ ಪ್ರಶ್ನೆ.

ಹೀಗೊಂದು ಸಂಜೆ

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಅಜ್ಜನಿಗೆ 68 ವರ್ಷ. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಚುಚ್ಚಿಕೊಂಡು ಅಡುಗೆಮನೆಗೆ ಬಂದರೆ ತಟ್ಟೆ ಸಿದ್ಧವಾಗಿರುತ್ತದೆ. ಹಡಗಿನಲ್ಲಿ ಅವರಿಗೆ 8.15ರ ಪಂಕ್ತಿ. ಎಂಟು ಗಂಟೆಗೆ ಕ್ಯಾಬಿನ್‌ನಲ್ಲಿ ಇನ್ಸುಲಿನ್ ತೆಗೆದುಕೊಂಡು ಹೊರಡುತ್ತಾರೆ. ಲಿಫ್ಟ್‌ಗೆ ಕಾಯಬೇಕು. ಊಟದ ಮನೆಯ ಬಾಗಿಲಲ್ಲಿ ಸಾಲು. ಕುಳಿತ ಮೇಲೆ ಮೆನು ನೋಡಿ, ಸಸ್ಯಾಹಾರ ಯಾವುದೆಂದು ಕೇಳಿ ಹೇಳುವುದರಲ್ಲಿ ಇನ್ನಷ್ಟು ಹೊತ್ತು. ಮೊದಲು ಸೂಪು, ಆಮೇಲೆ ಸಲಾಡು. ಮುಖ್ಯ ಆಹಾರ ಮೇಜಿಗೆ ಬರುವ ಹೊತ್ತಿಗೆ ಒಂಬತ್ತು ದಾಟಿರುತ್ತದೆ.

ಇತ್ತ ಇನ್ಸುಲಿನ್ ತನ್ನ ಕೆಲಸ ಶುರು ಮಾಡಿರುತ್ತದೆ. ಅಜ್ಜನಿಗೆ ಕೈ ನಡುಕ, ಬೆವರು, ಮಾತು ತೊದಲು. ಹಡಗಿನ ಓಲಾಟಕ್ಕೆ ತಲೆ ಸುತ್ತಿರಬೇಕು ಎಂದು ಮನೆಯವರು ಭಾವಿಸುತ್ತಾರೆ. ಅಪಾಯ ಇರುವುದು ಇಲ್ಲೇ. ರಕ್ತದಲ್ಲಿ ಸಕ್ಕರೆಯ ಅಂಶ ಇಳಿದಿರುವುದನ್ನು ಕಡಲ ಕಾಯಿಲೆ ಎಂದು ತಪ್ಪು ತಿಳಿದರೆ, ಸಕ್ಕರೆ ಕೊಡುವ ಬದಲು ‘ಸ್ವಲ್ಪ ಮಲಗಿ’ ಎಂದು ಕ್ಯಾಬಿನ್‌ಗೆ ಕಳಿಸಿಬಿಡುತ್ತೇವೆ.

ಹಡಗಿನ ಊಟದ ಮನೆಯ ಪದ್ಧತಿ

ದೊಡ್ಡ ಹಡಗುಗಳಲ್ಲಿ ಸಾವಿರಾರು ಪ್ರಯಾಣಿಕರಿರುತ್ತಾರೆ. ಎಲ್ಲರನ್ನೂ ಒಟ್ಟಿಗೆ ಕೂರಿಸಲಾಗದು. ಆದ್ದರಿಂದ ನಮ್ಮ ಮದುವೆಮನೆಯಂತೆ ಎರಡು ಪಂಕ್ತಿ. ಮೊದಲನೆಯದು ಸಾಮಾನ್ಯವಾಗಿ ಸಂಜೆ 5.30ರಿಂದ 6.15ರ ನಡುವೆ, ಎರಡನೆಯದು 7.45ರಿಂದ 8.30ರ ನಡುವೆ ಆರಂಭ. ಪ್ರತಿದಿನ ಅದೇ ಮೇಜು, ಅದೇ ಬಡಿಸುವವರು. ಊಟ ಮುಗಿಯಲು ಒಂದೂವರೆಯಿಂದ ಎರಡು ಗಂಟೆ ಬೇಕು.

ಈಗ ಬೇಕಾದಾಗ ಹೋಗಿ ಕುಳಿತುಕೊಳ್ಳುವ ಪದ್ಧತಿಯೂ ಇದೆ. ನಾರ್ವೇಜಿಯನ್ ಕ್ರೂಸ್ ಲೈನ್ ಇದನ್ನು 2000ದಲ್ಲಿ ಆರಂಭಿಸಿತು. ಬೇರೆ ಕಂಪನಿಗಳೂ ತಮ್ಮದೇ ಹೆಸರಿನಲ್ಲಿ ಇಂಥ ಏರ್ಪಾಡು ಮಾಡಿವೆ. ಇದರಲ್ಲಿ ಅನುಕೂಲವೂ ಇದೆ, ತೊಡಕೂ ಇದೆ. ಜನ ಹೆಚ್ಚಿರುವ ಹೊತ್ತಿನಲ್ಲಿ ಕಾಯಬೇಕಾಗಬಹುದು. ಔಷಧಿ ಸಮಯಕ್ಕೆ ಬದ್ಧರಾದವರು ಈ ಪದ್ಧತಿ ಆರಿಸಿಕೊಂಡರೂ ದಿನಾ ಒಂದೇ ಹೊತ್ತಿಗೆ ಮೇಜು ಕಾದಿರಿಸುವುದು ಒಳ್ಳೆಯದು.

ಇವಲ್ಲದೆ ಮೇಲಿನ ಅಂತಸ್ತಿನಲ್ಲಿ ನಾವೇ ಬಡಿಸಿಕೊಳ್ಳುವ ಬಫೆ ಇರುತ್ತದೆ. ಊಟದ ಮನೆಗೆ ಹೋಗಲೇಬೇಕೆಂಬ ಕಡ್ಡಾಯವಿಲ್ಲ ಎಂಬುದನ್ನು ನೆನಪಿಡಿ.

ಯಾರಿಗೆ ಹೊಂದಿಸಬೇಕು?

ಹೆಚ್ಚು ಗಟ್ಟಿಯಾಗಿ ಮಾತನಾಡುವವರ ಇಷ್ಟದಂತೆ ವೇಳೆ ಗೊತ್ತುಮಾಡುವುದು ನಮ್ಮ ರೂಢಿ. ಹಾಗೆ ಮಾಡಬೇಡಿ. ವೇಳೆ ತಪ್ಪಿದರೆ ಯಾರ ದೇಹ ಸಹಿಸುವುದಿಲ್ಲವೋ ಅವರಿಗೆ ಹೊಂದಿಸಿ. ಇಪ್ಪತ್ತರ ಯುವಕ ಆರಕ್ಕೂ ಉಣ್ಣಬಲ್ಲ, ಒಂಬತ್ತಕ್ಕೂ ಉಣ್ಣಬಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜನಿಗೆ, ಎದೆಯುರಿಯ ಅಜ್ಜಿಗೆ, ಮೂರು ವರ್ಷದ ಮೊಮ್ಮಗಳಿಗೆ ಅದು ಸಾಧ್ಯವಿಲ್ಲ. ಇಂಥವರಿರುವ ಮನೆಗೆ ಸಾಮಾನ್ಯವಾಗಿ ಮೊದಲ ಪಂಕ್ತಿಯೇ ಸೂಕ್ತ.

ಸಕ್ಕರೆ ಕಾಯಿಲೆ ಇರುವವರು

ಇನ್ಸುಲಿನ್‌ನಲ್ಲಿ ಹಲವು ಬಗೆ. ಕೆಲವನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ, ಕೆಲವನ್ನು ಊಟದ ಹೊತ್ತಿಗೇ ತೆಗೆದುಕೊಳ್ಳಬೇಕು. ನಿಮ್ಮದು ಯಾವುದೆಂದು ಹೊರಡುವ ಮುನ್ನ ವೈದ್ಯರಲ್ಲಿ ಕೇಳಿ, ಹಡಗಿನ ಊಟದ ವೇಳೆಯನ್ನು ಅವರಿಗೆ ತಿಳಿಸಿ, ಬರೆಸಿಕೊಳ್ಳಿ. ಊಟಕ್ಕೆ ಸಂಬಂಧಿಸಿದ ಇನ್ಸುಲಿನ್ ಅನ್ನು ಕ್ಯಾಬಿನ್‌ನಲ್ಲಿ ಚುಚ್ಚಿಕೊಂಡು ಹೊರಡುವ ಬದಲು ಜೊತೆಗೆ ಒಯ್ದು, ಆಹಾರ ಯಾವಾಗ ಬರುತ್ತದೆಂದು ಖಚಿತವಾದ ಮೇಲೆ ತೆಗೆದುಕೊಳ್ಳಬಹುದೇ ಎಂದೂ ಕೇಳಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗುವವರಿಗೂ ಊಟ ತಡವಾದರೆ ಸಕ್ಕರೆ ಇಳಿಯಬಹುದು.

ಕುಳಿತ ಕೂಡಲೇ ಬ್ರೆಡ್ಡಿನ ಬುಟ್ಟಿ ತರಿಸಿಕೊಳ್ಳಿ. ‘ಇವರಿಗೆ ಔಷಧಿ ಇದೆ, ಮುಖ್ಯ ಆಹಾರ ಬೇಗ ಬೇಕು’ ಎಂದು ಬಡಿಸುವವರಿಗೆ ಮೊದಲ ದಿನವೇ ಹೇಳಿ. ದಿನವೂ ಅದೇ ಬಡಿಸುವವರಾದರೆ ಎರಡನೆಯ ದಿನದಿಂದ ಹೇಳುವ ಅಗತ್ಯವೇ ಬೀಳದು.

ನಡುಕ, ಬೆವರು, ಎದೆಬಡಿತ, ಗೊಂದಲ ಕಂಡರೆ ಗ್ಲೂಕೋಮೀಟರ್‌ನಲ್ಲಿ ನೋಡಿ. ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್, ಇಲ್ಲವೇ ಮೂರು ಟೀ ಚಮಚ ಸಕ್ಕರೆ, ಇಲ್ಲವೇ ಅರ್ಧ ಲೋಟ ಹಣ್ಣಿನ ರಸ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರಿಲ್ಲದಿದ್ದರೆ ಮತ್ತೊಮ್ಮೆ ಕೊಡಿ. ಪರೀಕ್ಷೆಗೆ ಅನುಕೂಲವಿಲ್ಲದಿದ್ದರೂ ಸಕ್ಕರೆ ಕೊಡಲು ಹಿಂಜರಿಯಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಹಡಗಿನ ವೈದ್ಯರನ್ನು ಕರೆಸಿ.

ಎದೆಯುರಿ, ರಕ್ತದೊತ್ತಡ

ಊಟವಾದ ಎರಡು ಮೂರು ಗಂಟೆಯೊಳಗೆ ಮಲಗಿದರೆ ಜಠರದ ಆಮ್ಲ ಮೇಲಕ್ಕೇರಿ ಎದೆಯುರಿ ಬರುತ್ತದೆ. 8.15ರ ಪಂಕ್ತಿಯ ಊಟ ಮುಗಿಯುವುದು ಸುಮಾರು ಹತ್ತಕ್ಕೆ. ಹತ್ತೂವರೆಗೆ ಮಲಗುವ ಅಭ್ಯಾಸವಿರುವ ಅಜ್ಜಿಗೆ ಇದು ಹೊಂದದು. 5.45ರ ಊಟವಾದರೆ ಡೆಕ್‌ನ ಮೇಲೆ ನಾಲ್ಕು ಹೆಜ್ಜೆ ನಡೆದಾಡಿ ಮಲಗಲು ಸಾಕಷ್ಟು ಸಮಯವಿದೆ. ರಕ್ತದೊತ್ತಡ ಇರುವವರು ಸೂಪು, ಸಾಸ್, ಉಪ್ಪಿನಲ್ಲಿಟ್ಟ ತರಕಾರಿಗಳಲ್ಲಿ ಹಿತಮಿತವಾಗಿರಬೇಕು.

ಮಕ್ಕಳ ವಿಚಾರ

ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡರವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿ ಹತ್ತರವರೆಗೆ ಕುರ್ಚಿಯಲ್ಲಿ ಕೂರಿಸಿದರೆ ಮಗು ಹಟ ಮಾಡುತ್ತದೆ. ಅದು ಕೆಟ್ಟ ನಡತೆಯಲ್ಲ, ನಿದ್ದೆಗೇಡು. ಎರಡನೆಯ ಪಂಕ್ತಿಯೇ ಸಿಕ್ಕಿದರೆ ಮಕ್ಕಳಿಗೆ ಆರು ಗಂಟೆಯೊಳಗೆ ಬಫೆಯಲ್ಲಿ ಊಟ ಮಾಡಿಸಿ. ಡಿಸ್ನಿ ಹಡಗುಗಳಲ್ಲಿ ಎರಡನೆಯ ಪಂಕ್ತಿಯ ಮಕ್ಕಳಿಗೆ ಬೇಗ ಬಡಿಸಿ, ಅವರನ್ನು ಆಟದ ಕೋಣೆಗೆ ಕರೆದೊಯ್ಯುವ ಏರ್ಪಾಡಿದೆ.

ಮಗುವಿಗೆ ಕಡಲೆಕಾಯಿ, ಗೋಡಂಬಿ, ಮೊಟ್ಟೆ ಮುಂತಾದವು ಒಗ್ಗದಿದ್ದರೆ ಟಿಕೆಟ್ ಕಾದಿರಿಸುವಾಗಲೇ ತಿಳಿಸಿ. ಮರುದಿನದ ಮೆನುವನ್ನು ಹಿಂದಿನ ರಾತ್ರಿಯೇ ತೋರಿಸುವಂತೆ ಊಟದ ಮನೆಯ ಮುಖ್ಯಸ್ಥರನ್ನು ಕೇಳಬಹುದು. ಶುದ್ಧ ಸಸ್ಯಾಹಾರಿಗಳಿಗೂ ಇದೇ ದಾರಿ.

ಗಡಿಯಾರದ ಲೆಕ್ಕ

ಮಯಾಮಿಯ ಬೇಸಿಗೆಯ ಸಮಯ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 8.15 ಎಂದರೆ ಬೆಂಗಳೂರಿನಲ್ಲಿ ಬೆಳಗಿನ 5.45. ವಿಮಾನ ಇಳಿದ ಮರುದಿನವೇ ಹಡಗು ಹತ್ತಿದರೆ ವೃದ್ಧರ ಹಸಿವು, ನಿದ್ದೆ ಎರಡೂ ತಲೆಕೆಳಗಾಗಿರುತ್ತವೆ. ಸಾಧ್ಯವಾದರೆ ಮಗನ ಮನೆಯಲ್ಲಿ ಒಂದೆರಡು ವಾರ ಕಳೆದು, ಔಷಧಿ ಅಲ್ಲಿನ ಸಮಯಕ್ಕೆ ಹೊಂದಿಕೊಂಡ ಮೇಲೆ ಹೊರಡಿ.

ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗಿ ಹಡಗು ಹತ್ತುವವರ ಲೆಕ್ಕ ಬೇರೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿನ 5.45 ನಮ್ಮ ಮಧ್ಯಾಹ್ನ 3.15; ಕಾಫಿ ತಿಂಡಿಯ ಹೊತ್ತೂ ಆಗಿರುವುದಿಲ್ಲ! ಮೂರು ನಾಲ್ಕು ದಿನದ ಇಂಥ ಪ್ರವಾಸದಲ್ಲಿ ದೊಡ್ಡವರಿಗೆ ಎರಡನೆಯ ಪಂಕ್ತಿಯೇ ನಮ್ಮ ಹಸಿವಿಗೆ ಹತ್ತಿರ. ಆದ್ದರಿಂದ ಮೊದಲ ಪಂಕ್ತಿ ಎಲ್ಲ ಕಡೆಗೂ ಒಂದೇ ಉತ್ತರವಲ್ಲ. ಹೊರಡುವ ಮುನ್ನ ಈ ಲೆಕ್ಕ ಹಾಕಿ ನೋಡಿ.

ದ್ವೀಪದ ಸಮಯವೂ ಹಡಗಿನ ಸಮಯವೂ ಕೆಲವೊಮ್ಮೆ ಬೇರೆಯಾಗಿರುತ್ತವೆ. ಮೊಬೈಲ್ ತಾನೇ ಸಮಯ ಬದಲಿಸಿಕೊಂಡು ಮೋಸ ಮಾಡಬಹುದು. ಔಷಧಿಗೆ ಹಡಗಿನ ಸಮಯ ತೋರಿಸುವ ಒಂದು ಸಾದಾ ಕೈಗಡಿಯಾರ ಉತ್ತಮ.

ವೇಳೆ ತಪ್ಪುವ ದಿನಗಳು

ಮೊದಲನೆಯದು ಹಡಗು ಹತ್ತುವ ದಿನ. ಬಂದರಿನಲ್ಲಿ ಒಪ್ಪಿಸಿದ ಪೆಟ್ಟಿಗೆ ಕ್ಯಾಬಿನ್‌ಗೆ ಬರುವಾಗ ಸಂಜೆಯಾಗಬಹುದು. ಅಷ್ಟರೊಳಗೆ ಸುರಕ್ಷತಾ ಅಭ್ಯಾಸವೂ ಇರುತ್ತದೆ. ಆದ್ದರಿಂದ ಎಲ್ಲ ಔಷಧಿ, ಗ್ಲೂಕೋಮೀಟರ್, ಗ್ಲೂಕೋಸ್ ಪೊಟ್ಟಣ ಕೈಚೀಲದಲ್ಲೇ ಇರಲಿ. ಕ್ಯಾಬಿನ್‌ನ ಪುಟ್ಟ ಪೆಟ್ಟಿಗೆ ಎಲ್ಲ ಹಡಗಿನಲ್ಲೂ ಸರಿಯಾಗಿ ತಂಪಾಗುವುದಿಲ್ಲ. ಇನ್ಸುಲಿನ್‌ಗೆ ಬೇರೆ ಫ್ರಿಜ್ ಕೇಳಿ ಪಡೆಯಿರಿ.

ಎರಡನೆಯದು ಬಂದರಿನಲ್ಲಿ ಇಳಿದು ಸುತ್ತುವ ದಿನ. ಐದು ಗಂಟೆಗೆ ದಣಿದು ಹಿಂತಿರುಗಿದವರು 5.45ಕ್ಕೆ ಸಿದ್ಧರಾಗುವುದು ಕಷ್ಟ. ಆ ದಿನ ಊಟದ ಮನೆಯ ಗೊಡವೆ ಬೇಡ. ಬಫೆಗೆ ಹೋಗಿ ಹೊತ್ತಿಗೆ ಸರಿಯಾಗಿ ಉಣ್ಣಿ. ಮೂರನೆಯದು ವಿಶೇಷ ಉಡುಪಿನ ರಾತ್ರಿ. ಫೋಟೋ ತೆಗೆಯುವವರ ಮುಂದೆ ನಿಲ್ಲುವುದು ಊಟದ ನಂತರವಿರಲಿ.

ಕೈ ತೊಳೆಯಿರಿ

ಹಡಗಿನಲ್ಲಿ ವಾಂತಿ ಭೇದಿ ಹರಡಿಸುವ ಮುಖ್ಯ ರೋಗಾಣು ನೋರೋವೈರಸ್. ಕೈಗೆ ಹಚ್ಚುವ ಆಲ್ಕೋಹಾಲ್ ದ್ರವ ಇದರ ಮೇಲೆ ಅಷ್ಟಾಗಿ ಕೆಲಸ ಮಾಡದು. ಊಟಕ್ಕೆ ಹೊರಡುವ ಮುನ್ನ ಸೋಪು ನೀರಿನಿಂದ 20 ಸೆಕೆಂಡ್ ಕೈ ತೊಳೆಯಲು ವೇಳಾಪಟ್ಟಿಯಲ್ಲೇ ಐದು ನಿಮಿಷ ಮೀಸಲಿಡಿ. ಬಫೆಯ ಸೌಟು ಹಿಡಿದ ಮೇಲೆ, ಕೈಯಲ್ಲಿ ತಿನ್ನುವ ಮುಂಚೆ ಮತ್ತೊಮ್ಮೆ ತೊಳೆಯಿರಿ. ಕಡಲ ಓಲಾಟಕ್ಕೆ ವಾಕರಿಕೆ ಬರುವವರು ಹೊಟ್ಟೆ ಖಾಲಿ ಬಿಡದೆ ಸ್ವಲ್ಪ ಸ್ವಲ್ಪ, ಎಣ್ಣೆಯಿಲ್ಲದ ಆಹಾರ ತೆಗೆದುಕೊಳ್ಳಬೇಕು. ಶುಂಠಿಯಿಂದ ಕೆಲವರಿಗೆ ಗುಣ ಕಾಣುತ್ತದೆ.

ಒಂದು ಮಾದರಿ ದಿನಚರಿ

ಕೆರಿಬಿಯನ್ ಪ್ರವಾಸದಲ್ಲಿ ಮೊದಲ ಪಂಕ್ತಿಯ ಕುಟುಂಬಕ್ಕೆ ಹೀಗಿರಬಹುದು:

ಬೆಳಿಗ್ಗೆ 7.30: ಉಪಾಹಾರ. (ಥೈರಾಯ್ಡ್ ಮಾತ್ರೆ ಇದ್ದವರು ಅರ್ಧದಿಂದ ಒಂದು ಗಂಟೆ ಮುಂಚೆ, ಖಾಲಿ ಹೊಟ್ಟೆಯಲ್ಲಿ.)
ಮಧ್ಯಾಹ್ನ 12: ಊಟ, ಆಮೇಲೆ ಮಕ್ಕಳ ನಿದ್ದೆ.
3 ಗಂಟೆ: ಹಣ್ಣು ಅಥವಾ ಲಘು ತಿಂಡಿ.
5.15: ಕೈ ತೊಳೆದು, ಔಷಧಿ ಚೀಲ ಹಿಡಿದು ಹೊರಡುವುದು.
5.45: ಊಟ.
7.30: ಡೆಕ್‌ನ ಮೇಲೆ ನಡಿಗೆ.
9 ಗಂಟೆ: ಅಗತ್ಯವಿದ್ದವರಿಗೆ, ವೈದ್ಯರು ಹೇಳಿದ್ದರೆ, ಒಂದು ಲೋಟ ಹಾಲು.

ತಂದೆಯ ಟಿಕೆಟ್, ಮಗನ ಟಿಕೆಟ್ ಬೇರೆ ಬೇರೆಯಾಗಿದ್ದರೆ ಎರಡನ್ನೂ ಜೋಡಿಸಿ ಒಂದೇ ಪಂಕ್ತಿ, ಒಂದೇ ಮೇಜು ಕೊಡುವಂತೆ ಮೊದಲೇ ಕೇಳಿ. ಬೇಡವಾದ ಪಂಕ್ತಿ ಸಿಕ್ಕಿದ್ದರೆ ಹಡಗು ಹತ್ತಿದ ಮಧ್ಯಾಹ್ನವೇ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಕಾರಣ ಹೇಳಿ. ಜಾಗವಿದ್ದರೆ ಬದಲಿಸಿಕೊಡುತ್ತಾರೆ.

ವಯಸ್ಸಾದವರು ‘ನನ್ನಿಂದ ನಿಮಗೇಕೆ ತೊಂದರೆ, ಎಷ್ಟು ಹೊತ್ತಿಗಾದರೂ ಸರಿ’ ಎನ್ನುತ್ತಾರೆ. ಅದು ಅವರ ಸೌಜನ್ಯ. ಆ ಮಾತನ್ನೇ ನಂಬಿ ವೇಳೆ ಗೊತ್ತುಮಾಡಬೇಡಿ. ಅವರ ಔಷಧಿ ಚೀಟಿ ನೋಡಿ ಗೊತ್ತುಮಾಡಿ. ಕಡಲ ನಡುವೆ ಎಲ್ಲರೂ ಒಂದೇ ಮೇಜಿನಲ್ಲಿ ಕುಳಿತು ನೆಮ್ಮದಿಯಾಗಿ ಉಂಡರೆ, ಗಾದೆಯ ಎರಡನೆಯ ಭಾಗವೂ ತಾನಾಗಿ ನಿಜವಾಗುತ್ತದೆ.